ಭಯವನ್ನು ಕಲಿಸಿದ ದೊಡ್ಡಕ್ಕ

ಎ.ಸಿ. ದುರಸ್ತಿಯ ವೃತ್ತಿಯಲ್ಲಿ ಹೆಸರು ಮಾಡುವುದು ಸುಲಭವಲ್ಲ. ತಂಪಾದ ಕೋಣೆಯಲ್ಲಿ ಕುಳಿತವರು ಅದನ್ನು ತಂಪಾಗಿಟ್ಟವರನ್ನು ನೆನೆಯುವುದಿಲ್ಲ. ಯಂತ್ರ ನಿಂತಾಗ ಮಾತ್ರ ಬೈಯುವುದಕ್ಕೆಂದು ಹುಡುಕುತ್ತಾರೆ. ಇಂಥ ವೃತ್ತಿಯಲ್ಲಿ ಆಯುಷ್ಯದ ಬಹುಪಾಲನ್ನು ಸವೆಸಿ, ನಮ್ಮ ಆಸ್ಪತ್ರೆಯ ಹವಾನಿಯಂತ್ರಣ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲೂ ದೊಡ್ಡಕ್ಕನೇ ಆಗಿರುವ ಹಿರಿಯರ ಧೈರ್ಯವನ್ನು ಈ ಅಭಿನಂದನ ಸಂಪುಟದಲ್ಲಿ ಹಲವರು ಕೊಂಡಾಡುತ್ತಾರೆ. ಈ ಲೇಖನ ಅವರ ಭಯವನ್ನು ಕುರಿತದ್ದು. ಆ ಭಯವನ್ನು ತೀರ ಹತ್ತಿರದಿಂದ ಕಂಡವರು ಅವರ ಒಡಹುಟ್ಟಿದ ತಮ್ಮ, ಅದೇ ವಿಭಾಗದ ಮೆಕ್ಯಾನಿಕ್, ನಾವೆಲ್ಲ ಸಣ್ಣಣ್ಣ ಎಂದು ಕರೆಯುವವರು. ಮುಂದೆ ವಿಭಾಗವನ್ನು ನಡೆಸಬೇಕಾದವರೂ ಅವರೇ.

ದೊಡ್ಡಕ್ಕನವರು ಕೆಲಸಕ್ಕೆ ಸೇರಿದ ಹೊಸತರಲ್ಲೇ, ಸ್ವಿಚ್ ಆರಿಸಿದ್ದ ಯಂತ್ರವೊಂದರ ಕೆಪಾಸಿಟರಿನಲ್ಲಿ ಉಳಿದಿದ್ದ ಕರೆಂಟು ಅವರನ್ನು ಎತ್ತಿ ಗೋಡೆಗೆ ಎಸೆದಿತ್ತು. ಅಂದಿನಿಂದ ಅವರದೊಂದು ಪದ್ಧತಿ. ಫ್ಯೂಸ್ ಕಿತ್ತು ತಮ್ಮ ಜೇಬಿಗೇ ಹಾಕಿಕೊಳ್ಳುವರು, ಕೆಪಾಸಿಟರಿನಲ್ಲಿ ಉಳಿದದ್ದನ್ನು ಇಳಿಸುವರು, ಟೆಸ್ಟರ್ ಇಟ್ಟು ನೋಡುವರು, ಆಮೇಲೂ ನಂಬದೆ ಮತ್ತೊಮ್ಮೆ ನೋಡುವರು. ಬೆನ್ನ ಹಿಂದೆ ಅವರನ್ನು ಪುಕ್ಕಲಕ್ಕ ಎನ್ನುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಸಣ್ಣಣ್ಣನವರಂತೂ ಎದುರಿಗೇ ರೇಗಿಸುತ್ತಿದ್ದರು: "ಅಕ್ಕಾ, ನೀನು ಟ್ಯೂಬ್‌ಲೈಟ್ ಹಾಕೋಕೂ ವಿಲ್ ಬರೆದಿಟ್ಟು ಬರ್ತೀಯ."

ಆದರೆ ಆ ಭಯ ತಮ್ಮೊಬ್ಬರ ಜೀವಕ್ಕಾಗಿ ಮಾತ್ರ ಇರಲಿಲ್ಲ. ಮಗುವಿಗೆ ಜ್ವರವೆಂದು ಮಂಕಾಗಿ ಬಂದ ಸಹೋದ್ಯೋಗಿಯೊಬ್ಬರನ್ನು ಅವರು ಏಣಿಯ ಮೇಲಿಂದ ಕೆಳಗಿಳಿಸಿ ಮನೆಗೆ ಅಟ್ಟಿದ್ದುಂಟು. "ಮನಸ್ಸು ಮನೇಲಿದ್ರೆ ಇಲ್ಲಿ ಕೈ ಸುಟ್ಕೋತೀಯ, ಹೋಗು" ಎಂದವರೇ ಆತನ ಪಾಳಿಯನ್ನೂ ತಾವೇ ಮುಗಿಸಿದರು. ಆತ ಇಂದಿಗೂ ಅದನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಾರೆ.

ಸಣ್ಣಣ್ಣನವರಿಗೆ ಭಯ ಗೊತ್ತಾದದ್ದು ಒಂದು ಸುಡುಬೇಸಿಗೆಯ ಮಧ್ಯಾಹ್ನ. ನವಜಾತ ಶಿಶುಗಳ ವಾರ್ಡಿನ ಎ.ಸಿ. ನಿಂತಿತ್ತು. ಗೋಡೆಯ ಆಚೆಗಿನ ಬಾಲ್ಕನಿಯಲ್ಲಿ ಸಣ್ಣಣ್ಣನವರು ಸೋರುತ್ತಿದ್ದ ಕೊಳವೆಗೆ ಬೆಸುಗೆ ಹಾಕಿ ಮುಗಿಸಿದ್ದರು. ಬೆಸುಗೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಕೊಳವೆಗೆ ನೈಟ್ರೋಜನ್ ತುಂಬಿ ನೋಡಬೇಕು. ಆ ಸಿಲಿಂಡರ್ ಖಾಲಿಯಾಗಿತ್ತು. ಉಗ್ರಾಣದಿಂದ ಇನ್ನೊಂದು ಬರುವುದು ತಡ. ಒಳಗೆ ಮಕ್ಕಳು ಅಳುತ್ತಿದ್ದವು, ದಾದಿಯೊಬ್ಬರು ಮತ್ತೆ ಮತ್ತೆ ಬಾಗಿಲಿಗೆ ಬಂದು "ಆಯ್ತಾ?" ಎನ್ನುತ್ತಿದ್ದರು. ಬೆಸುಗೆಗೆಂದು ತಂದಿದ್ದ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ತಾನೇ ಎಂದುಕೊಂಡು ಅವರು ಅದನ್ನೇ ಜೋಡಿಸಿ ತಿರುಗಿಸಿಬಿಟ್ಟರು.

ನಮ್ಮ ಕಸುಬಿನಲ್ಲಿ ಆತುರಗಾರರು ಮಾತ್ರ ಮಾಡುವ ತಪ್ಪು ಇದು. ಕಂಪ್ರೆಸರಿನಲ್ಲಿ ಎಣ್ಣೆಯಿರುತ್ತದೆ. ಒತ್ತಡದಲ್ಲಿ ತುಂಬಿದ ಆಕ್ಸಿಜನ್ ಆ ಎಣ್ಣೆಯನ್ನು ಸೇರಿದರೆ, ಎಲ್ಲೋ ಒಂದು ಕಡೆ ಚೂರು ಬಿಸಿಯಾದರೂ ಸಾಕು, ಇಡೀ ಯಂತ್ರ ಬಾಂಬಿನಂತೆ ಸಿಡಿಯುತ್ತದೆ.

ದೊಡ್ಡಕ್ಕನವರು ಬಾಲ್ಕನಿಗೆ ಬಂದಾಗ ಒತ್ತಡದ ಮುಳ್ಳು ಆಗಲೇ ಏರಿ ನಿಂತಿತ್ತು. ಅವರು ಕೂಗಲಿಲ್ಲ. ಅವರ ಮುಖದ ರಕ್ತವೆಲ್ಲ ಬತ್ತಿಹೋದದ್ದನ್ನು ನೋಡಿದ ಮೇಲೆಯೇ ಸಣ್ಣಣ್ಣನವರಿಗೆ ತಾವು ಮಾಡಿದ್ದೇನೆಂದು ಹೊಳೆದದ್ದು. 

"ಸಿಲಿಂಡರ್ ಮುಚ್ಚು. ನಿಧಾನ. ಈಗ ಮೇನ್ ಸ್ವಿಚ್ ಹತ್ರ ಹೋಗಿ ನಿಂತ್ಕೋ, ಯಾರೂ ಆನ್ ಮಾಡಬಾರದು." ಆಮೇಲೆ ಬಾಗಿಲ ಕಡೆ ತಿರುಗಿ, "ಸಿಸ್ಟರ್, ಮಕ್ಕಳನ್ನ ಆ ಕೊನೇ ರೂಮಿಗೆ ಸಾಗಿಸಿ. ಓಡಬೇಡಿ, ಆದ್ರೆ ಈಗಲೇ."

"ಅಕ್ಕಾ, ನಾನು ಮಾಡಿದ್ದು, ನಾನೇ ಗ್ಯಾಸ್ ಹೊರಗೆ ಬಿಡ್ತೀನಿ. ನೀನು ಹೋಗು."

"ನಿನ್ನ ಕೈ ನೋಡ್ಕೋ. ಹೀಗೆ ನಡುಗ್ತಿದ್ರೆ ಒಂದೇ ಸಲ ತೆಗೆದುಬಿಡ್ತೀಯ. ಹೋಗೋ ಅಂದ್ರೆ!"

ಸಣ್ಣಣ್ಣನವರು ಕಾರಿಡಾರಿನ ತುದಿಯಲ್ಲಿ ಸ್ವಿಚ್ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತರು. ತೊಟ್ಟಿಲುಗಳ ಗಾಲಿಗಳು ಒಂದೊಂದಾಗಿ ಎದುರಿನಿಂದ ಉರುಳಿ ಹೋದವು. ಕೊನೆಯ ತೊಟ್ಟಿಲು ಹೋದ ಮೇಲೆ ಬಾಲ್ಕನಿಯಿಂದ ಸುಂಯ್ ಎಂಬ ಸಣ್ಣ ಸದ್ದೊಂದೇ ಉಳಿಯಿತು. ಆ ಸದ್ದು ಇರುವವರೆಗೆ ಅಕ್ಕ ಇದ್ದಾಳೆ ಎಂದು ಅವರು ಕಿವಿಗೊಟ್ಟು ನಿಂತರು. ಅದೂ ನಿಂತಿತು. ಆಚೆಯಿಂದ ದೊಡ್ಡಕ್ಕ ಕೆಮ್ಮಿದರು. ಅಷ್ಟು ಹಿತವಾದ ಕೆಮ್ಮನ್ನು ತಾವು ಆಮೇಲೆ ಎಂದೂ ಕೇಳಿಲ್ಲವೆನ್ನುತ್ತಾರೆ ಅವರು.

ಆ ವಾರವೇ ಸಣ್ಣಣ್ಣನವರು ಕೆಲಸ ಬಿಡುವುದಾಗಿ ಹೇಳಿದರು. ಸಿಲಿಂಡರ್ ಕಂಡರೆ ಕೈಕಾಲು ತಣ್ಣಗಾಗುತ್ತದೆ, ಇನ್ನು ತಮ್ಮಿಂದಾಗದು ಎಂದರು. ದೊಡ್ಡಕ್ಕನವರು ಬುದ್ಧಿವಾದ ಹೇಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಇವತ್ತು ನಿನ್ನ ಮೇಲೆ ನನಗೆ ನಂಬಿಕೆ ಬಂತು" ಎಂದು ಸ್ಪ್ಯಾನರನ್ನು ಕೈಗಿತ್ತರು. ಮರುದಿನ ತಮ್ಮ ಜೊತೆಗೇ ಕರೆದೊಯ್ದರು, ಅದರ ಮರುದಿನವೂ ಕರೆದೊಯ್ದರು.

ಈಗ ಕಾಲ ತಿರುಗಿದೆ. ದೊಡ್ಡಕ್ಕನವರ ಮಗಳು ಇದೇ ಕಸುಬನ್ನು ಕಲಿತು, ಇದೇ ವಿಭಾಗಕ್ಕೆ ಆಯ್ಕೆಯಾಗಿ, ತಾಯಿ ನಿವೃತ್ತರಾದ ಬೆನ್ನಿಗೇ ಸೋದರಮಾವನ ಕೈಕೆಳಗೆ ಸೇರಲಿದ್ದಾಳೆ. ಎಲ್ಲರೂ ಅಭಿನಂದಿಸಿದರು. ದೊಡ್ಡಕ್ಕನವರು ಮಾತ್ರ ಮೊನ್ನೆ ಊಟದ ಬಿಡುವಿನಲ್ಲಿ ವರ್ಕ್‌ಶಾಪಿಗೆ ಬಂದು, ಆಗಲೇ ಚೊಕ್ಕಟವಾಗಿದ್ದ ಮೇಜನ್ನು ತಮ್ಮನೆದುರು ಒರೆಸುತ್ತ ನಿಂತರು.

"ಅವಳು ಥೇಟ್ ನಿನ್ನ ಹಾಗೇ ಕಣೋ. ಯಾವುದಕ್ಕೂ ಹೆದರಲ್ಲ. ನನಗೆ ಎದೆ ಹೊಡ್ಕೋತಿದೆ."

ನಾನಿದ್ದೀನಲ್ಲ ಎನ್ನಬೇಕೆಂದು ಸಣ್ಣಣ್ಣನವರು ಬಾಯಿ ತೆರೆದರು. ಆದರೆ "ಅವಳು ಬರ್ತಾಳೆ ಅಂದಾಗಿಂದ ನನಗೆ ಊಟ ಸೇರ್ತಿಲ್ಲ ಅಕ್ಕಾ" ಎಂದರು.

ದೊಡ್ಡಕ್ಕ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟರು.

"ಹಾಗಾದ್ರೆ ಸೋಮವಾರದಿಂದ ಕಳಿಸ್ತೀನಿ" ಎಂದರು.

ದೊಡ್ಡಕ್ಕನವರು ಆರೋಗ್ಯದಿಂದ ನೂರ್ಕಾಲ ಬಾಳಲಿ. ಹೊಸಬರಿಗೆ ಕಲಿಸಲು ನಮ್ಮ ವರ್ಕ್‌ಶಾಪಿಗೆ ಬರುತ್ತಲೇ ಇರಲಿ. ಅವರಿಗಾಗಿ ನಾವು ಬೇಡಿಕೊಳ್ಳುವುದು ಇನ್ನೊಂದೇ. ಪ್ರತಿ ಸಂಜೆ ಬಾಗಿಲು ತೆರೆದು ಒಳಗೆ ಬಂದ ಮಗಳನ್ನು, ಇವತ್ತು ಕೆಲಸದಲ್ಲಿ ಏನಾಯಿತೆಂದು ಅವರು ಕೇಳಿದಾಗ, ಆಕೆ ಚಪ್ಪಲಿ ಬಿಡುತ್ತ, ಬೇಸರದಿಂದ, "ಏನೂ ಆಗ್ಲಿಲ್ಲಮ್ಮ" ಎನ್ನಲಿ.