ಹೊಳೆಯದ ಬಣ್ಣ ಹೊಳೆದ ದಿನ

ಭಕ್ತ ಬಂಧುಗಳೇ, ಆರು ವರ್ಷ ದುಡಿದರೂ ನನ್ನ ಬಣ್ಣ ಹೊಳೆಯಲಿಲ್ಲ. ನಾನು ಬ್ಯಾಡಗಿಯವಳು, ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಡಾಕ್ಟರೇಟ್ ಮುಗಿಯದಿದ್ದರೆ ಆ ಕೆಲಸವೂ ಉಳಿಯದೆಂದು ಹೇಳಿಯಾಗಿತ್ತು. ಪ್ರತಿ ಶನಿವಾರ ಪಾಠ ಮುಗಿಸಿ, ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಇಳಿದು, ಅತ್ತೆ ಕಳಿಸಿಕೊಟ್ಟ ಬುತ್ತಿ ಹಿಡಿದು ಮತ್ತೊಂದು ಬಸ್ಸಿಗೆ ಕಾಯುತ್ತಿದ್ದೆ. ಹಾವೇರಿ ಬರುವಷ್ಟರಲ್ಲಿ ಕುಳಿತಲ್ಲೇ ನಿದ್ದೆ. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದ ಪ್ರಯೋಗಾಲಯ.

ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ, ಕಾಣುವ ಬೆಳಕಾಗಿ ಹೊರಬಿಡುವ ಬಣ್ಣಗಳನ್ನು ತಯಾರಿಸುವುದು ನನ್ನ ಕೆಲಸ. ಕೊನೆಯ ಬಣ್ಣವೊಂದಕ್ಕೇ ಎರಡು ವರ್ಷ ಹಿಡಿಯಿತು. ಅದನ್ನು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿಸಿ ನೇರಳಾತೀತ ದೀಪದಡಿ ಹಿಡಿದರೆ ಏನೂ ಇಲ್ಲ. ಮತ್ತೆ ಶುದ್ಧ ಮಾಡಿದೆ, ಮತ್ತೆ ಹಿಡಿದೆ. ಏನೂ ಇಲ್ಲ. ಪ್ರಬಂಧ ಒಪ್ಪಿಸುವ ಅವಧಿ ಮುಗಿಯಲು ನಾಲ್ಕು ತಿಂಗಳಿತ್ತು.

2007ರ ಶ್ರಾವಣದ ಒಂದು ಸೋಮವಾರ ಅತ್ತೆ ನನ್ನನ್ನು ಗಳಗನಾಥಕ್ಕೆ ಕರೆದೊಯ್ದರು. ಗಳಗೇಶ್ವರನ ಮುಂದೆ ಕೈಮುಗಿದು ನಿಂತರೂ ಅಳು ಕೂಡ ಬರಲಿಲ್ಲ. ಅಷ್ಟು ದಣಿದಿದ್ದೆ.

"ಏನ್ ಬೇಡಿಕೊಂಡಿ?" ಎಂದರು ಅತ್ತೆ.

"ಸಾಕಾಗೇತ್ರಿ ಅತ್ತಿ. ಇದನ್ನ ಬಿಡೂ ಧೈರ್ಯ ಕೊಡಪ್ಪಾ ಅಂತ ಬೇಡಿಕೊಂಡೇನಿ."

"ಬಿಡೂದಿದ್ರ ಬಿಡವ್ವಾ. ಆದ್ರ ಕೊರಗಕೋತ ಬಿಡಬ್ಯಾಡ."

ಆ ಶನಿವಾರ ನನ್ನ ಮೇಜು ಖಾಲಿ ಮಾಡಲೆಂದೇ ಹೋದೆ. ಕತ್ತಲೆ ಕೋಣೆಯಲ್ಲಿ ಆ ದ್ರಾವಣವನ್ನು ಕೊನೆಯ ಸಲ ನೋಡಿ, ಫ್ಲಾಸ್ಕನ್ನು ನಲ್ಲಿಯ ಪಕ್ಕದಲ್ಲೇ ಬಿಟ್ಟೆ. ದೀಪ ಆರಿಸುವುದನ್ನೂ ಮರೆತು ಹೊರಗೆ ಬಂದು ಪುಸ್ತಕ ಕಟ್ಟತೊಡಗಿದೆ. ಅಟೆಂಡರ್ ಫಕೀರಪ್ಪನವರು ತೊಳೆಯಲು ಒಳಗೆ ಹೋದರು.

"ಮೇಡಂ, ಲಗೂ ಬರ್ರಿ! ನೀರು ಹಾಕೀನ್ರಿ, ಇದು ಹೊಳಿಯಾಕತ್ತೈತಿ!"

ಫ್ಲಾಸ್ಕಿನಲ್ಲಿ ಮಜ್ಜಿಗೆಯಂತೆ ಕದಡಿದ ನೀರು. ಅದರ ತುಂಬಾ ಹಸಿರು ಬೆಳಕು. ನನಗೆ ನಂಬಿಕೆಯಾಗಲಿಲ್ಲ. ಬೇರೇನೋ ಕೂಡಿದೆಯೆಂದು ಹೊಸ ಫ್ಲಾಸ್ಕು ತೆಗೆದುಕೊಂಡು ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಹೊಳೆಯಿತು.

ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ನನ್ನ ಗುರುಗಳು ಬಂದು ಬಹಳ ಹೊತ್ತು ನೋಡಿದರು. "ಕರಗಿದಾಗ ಅಣು ಅಲ್ಲಾಡತಾವ್ರಿ, ಹೀರಿದ ಶಕ್ತಿ ಅದರಾಗ ಕಳೀತದ. ನೀರು ಬಿದ್ರ ಒಂದಕ್ಕೊಂದು ಒತ್ತಿ ಕುಂದರತಾವ, ಅಲ್ಲಾಡಲಿಕ್ಕೆ ಜಾಗಾ ಇರೂದಿಲ್ಲ, ಅದಕ್ಕ ಬೆಳಕು ಬರತದ. ಇದನ್ನೇನ್ರಿ ನೀವು ಬಿಟ್ಟು ಹೊಂಟಿದ್ದು?" ಎಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ. ಫಕೀರಪ್ಪನವರು ಗಾಬರಿಯಾಗಿ ಚಹಾ ತಂದುಕೊಟ್ಟರು.

ಅವಧಿಯೊಳಗೆ ಪ್ರಬಂಧ ಒಪ್ಪಿಸಿದೆ. ಕೆಲಸವೂ ಉಳಿಯಿತು.

ಬಣ್ಣ ಹೊಳೆದದ್ದು ಹೇಗೆಂದು ಹಲಗೆಯ ಮೇಲೆ ಬರೆದು ತೋರಿಸಬಲ್ಲೆ. ನಾನು ಕೈಬಿಟ್ಟ ದಿನವೇ ಏಕೆ ಹೊಳೆಯಿತೆಂದು ಬರೆಯಲು ನನಗೆ ಬರುವುದಿಲ್ಲ. ಬಿಡುವ ಧೈರ್ಯ ಕೇಳಿದೆ, ಗಳಗೇಶ್ವರ ಅದರ ಬದಲು ಬೆಳಕು ಕೊಟ್ಟ. ಈಗಲೂ ದಣಿಯುತ್ತೇನೆ. ಆದರೆ ಆತನ ಮುಂದೆ ನಿಂತಾಗ ಇಂಥದ್ದೇ ಕೊಡು ಎಂದು ಕೇಳುವುದನ್ನು ನಿಲ್ಲಿಸಿದ್ದೇನೆ.