ಆಯುಧಪೂಜೆ ಮಾಡಿಸಿಕೊಂಡ ವಿಮಾನ

ನನಗೆ ಕೋಪ ಬರುವುದಕ್ಕೆ ಕಾರಣವೇ ಬೇಕಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇದು ಅನ್ಯಾಯದ ಮಾತು. ಶಿವಮೊಗ್ಗದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವನಿಗೆ ಕಾರಣಗಳ ಬರ ಎಂದೂ ಇರಲಿಲ್ಲ. ನಿವೃತ್ತನಾದ ಮೇಲೆ ಎಲ್ಲಿ ಬರ ಬಂದೀತೋ ಎಂದು ಹೆದರಿದ್ದೆ. ಅಷ್ಟರಲ್ಲಿ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ಭಯ ನಿವಾರಣೆಯಾಯಿತು.

ರಾಗಿಗುಡ್ಡದ ನಮ್ಮ ಬೀದಿಯಲ್ಲಿ ಎದುರುಮನೆಯವರು ದಿನಾ ಬೆಳಿಗ್ಗೆ ಗೇಟಿಗೆ ಮೊಣಕೈ ಊರಿ, "ಏನ್ ಸಾರ್, ಆಟದ ಸಾಮಾನು ಎಲ್ಲಿಗ್ ಬಂತು?" ಎಂದು ವಿಚಾರಿಸುತ್ತಾರೆ. ಇವರೇ ಸಂಜೆ ಎರಡು ಗಂಟೆ ಮೊಬೈಲಿನಲ್ಲಿ ಬಣ್ಣದ ಗುಳ್ಳೆ ಒಡೆಯುತ್ತಾ ಕೂರುತ್ತಾರೆ. ಇನ್ನು ಕೆಲವರಿದ್ದಾರೆ. ಸಂಸ್ಕೃತ ಮೇಷ್ಟ್ರು ವಿಮಾನ ಕಟ್ಟುತ್ತಾನೆಂದರೆ ತಾಳೆಗರಿ ಬಿಚ್ಚಿಕೊಂಡೇ ಕಟ್ಟುತ್ತಾನೆಂದು ನಂಬಿ, ಪುಷ್ಪಕದ ಅಳತೆ ಕೇಳಲು ಬರುತ್ತಾರೆ. ಅವರಿಗೆ ನಾನು ಕಾಫಿ ಕೊಡುವುದಿಲ್ಲ.

ಮೊದಲು ನಾವು ಕೆಲವು ಹವ್ಯಾಸಿಗಳು ಮಾಚೇನಹಳ್ಳಿಯ ಕಡೆ ಒಂದು ಬಯಲಿನಲ್ಲಿ ಹಾರಿಸುತ್ತಿದ್ದೆವು. ವಿಮಾನ ನಿಲ್ದಾಣವಾಗಿ ಊರಿಗೆ ನಿಜವಾದ ವಿಮಾನ ಬಂದದ್ದೇ ನಮ್ಮದಕ್ಕೆ ಆ ದಿಕ್ಕಿನ ಆಕಾಶ ಮುಚ್ಚಿತು. ಅವರದು ಜನರನ್ನು ಹೊರುತ್ತದೆ, ನಮ್ಮದು ನಮ್ಮ ಮಾನವನ್ನಷ್ಟೇ ಹೊರುತ್ತದೆ. ಹಾಗಾಗಿ ಅದು ನ್ಯಾಯವೇ. ಆದರೂ ಕೋಪ ಬಂತು. ಭದ್ರಾವತಿಯಾಚೆ ದೂರದಲ್ಲಿ ರಸ್ತೆ, ಚರಂಡಿ, ಹೆಬ್ಬಾಗಿಲು ಎಲ್ಲವೂ ಇದ್ದು ಮನೆ ಮಾತ್ರ ಒಂದೂ ಇಲ್ಲದ ಲೇಔಟ್ ಒಂದಿದೆ. ಮಾಲೀಕರನ್ನು ಒಪ್ಪಿಸಿಕೊಂಡು ಭಾನುವಾರಗಳಂದು ಅಲ್ಲಿಗೆ ಹೋಗತೊಡಗಿದೆವು.

ಇಷ್ಟೆಲ್ಲ ಕೋಪದ ನಡುವೆ ನಾನು ಒಮ್ಮೆಯೂ ಕೋಪ ಮಾಡಿಕೊಳ್ಳದ ಮನುಷ್ಯರೊಬ್ಬರಿದ್ದರು. ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಕೆತ್ತಿ ನಿವೃತ್ತರಾದವರು. ನಾನು ಅವರನ್ನು ಮೇಸ್ತ್ರಿ ಎನ್ನುತ್ತೇನೆ, ಅವರು ನನ್ನನ್ನು ಸಾರ್ ಎನ್ನುತ್ತಾರೆ. ಮನೆಯಲ್ಲಿ ತಮಿಳು, ಬೈಯುವಾಗ ಕನ್ನಡ. ವಿಮಾನದ ನಕ್ಷೆ, ಮೋಟರು, ತಂತಿ ನನ್ನ ಪಾಲು. ಮರದ ಕೆಲಸ ಅವರದು. ಹತ್ತಿಯಷ್ಟು ಹಗುರವಾದ ಬಾಲ್ಸಾ ಮರವನ್ನು ಅವರು ಉಳಿಯಿಂದ ಸೀಳುವಾಗ ಉಸಿರು ಬಿಡುತ್ತಿರಲಿಲ್ಲ. ವಿಮಾನದ ಒಡಲಿನೊಳಗೆ ಸಾಲಾಗಿ ನಿಲ್ಲುವ ಅಡ್ಡಹಲಗೆಗಳಿಗೆಲ್ಲ ರೂಪಾಯಿ ಬಿಲ್ಲೆಯಗಲದ ತೂತು ಕೊರೆಯುತ್ತಿದ್ದರು. "ಭಾರ ಕಮ್ಮಿಯಾದಷ್ಟೂ ಆಯುಷ್ಯ ಜಾಸ್ತಿ ಸಾರ್, ನಮ್ಗೂ ಅಷ್ಟೆ" ಎಂದು ನನ್ನ ಹೊಟ್ಟೆ ನೋಡುತ್ತಿದ್ದರು.

ಅವರ ಮುಖ್ಯ ವಿದ್ಯೆ ಬ್ಯಾಲೆನ್ಸ್. ರೆಕ್ಕೆಯ ಅಡಿಯಲ್ಲಿ ಪೆನ್ಸಿಲಿನಿಂದ ಎರಡು ಗುರುತು ಮಾಡಿ, ಆ ಗುರುತಿಗೆ ಎರಡು ತೋರುಬೆರಳು ಕೊಟ್ಟು ವಿಮಾನವನ್ನು ಎತ್ತುತ್ತಿದ್ದರು. ಅದು ತಕ್ಕಡಿಯಂತೆ ಸಮವಾಗಿ ನಿಲ್ಲಬೇಕು. ಮೂತಿ ಕೊಂಚ ತಗ್ಗಿದರೆ ಚಿಂತೆಯಿಲ್ಲ. ಬಾಲ ತಗ್ಗಿದರೆ ಆ ವಿಮಾನ ಹಾರಿದ ಮೇಲೆ ಯಾರ ಮಾತೂ ಕೇಳುವುದಿಲ್ಲ.

ಏಳು ತಿಂಗಳು ಕಟ್ಟಿದ ದೊಡ್ಡ ವಿಮಾನ ನವರಾತ್ರಿಯ ಹೊತ್ತಿಗೆ ಮುಗಿಯಿತು. ಆ ವರ್ಷವೇ ಮೇಸ್ತ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಕಟ್ಟಿ ಮುಗಿಸಿದ ದಿನ ತಮ್ಮ ಶೆಡ್ಡಿನಲ್ಲಿ ಬೆರಳ ಮೇಲೆ ನಿಲ್ಲಿಸಿ, "ಪೂರಾ ಸಮ. ತಗೊಂಡ್ಹೋಗಿ" ಎಂದರು.

ತಗೊಂಡು ಬಂದೆ. ಮರುದಿನ ಆಯುಧಪೂಜೆ. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಪಂಕ್ತಿಯಲ್ಲಿ ವಿಮಾನಕ್ಕೂ ಮಣೆ ಹಾಕಿದೆ. ತಪ್ಪು ಸ್ವರದಲ್ಲಿ ಮಂತ್ರ ಹೇಳುವವರಿಗೆ ದಕ್ಷಿಣೆ ಕೊಡುವ ಅಭ್ಯಾಸ ನನಗಿಲ್ಲವಾದ್ದರಿಂದ ನಾನೇ ಹೇಳಿದೆ. ಗಂಧ, ಕುಂಕುಮ, ಮಂಗಳಾರತಿ ಸಾಂಗವಾಗಿ ಆದವು. ಬ್ಯಾಟರಿ ಚಾರ್ಜಿಗಿಟ್ಟಿದ್ದರಿಂದ ವಿಮಾನದ ಮೇಲ್ಮುಚ್ಚಳ ತೆಗೆದೇ ಇತ್ತು. ಮಂತ್ರಪುಷ್ಪ ಮುಗಿಸಿ ಹಿಡಿ ತುಂಬ ಅಕ್ಷತೆ ಹಾಕಿದೆ. ಮತ್ತೆ ಹಾಕಿದೆ.

"ಸಾಕು ಮಾರಾಯ್ರೆ, ಅದೇನು ಮದುವೆ ಗಂಡಾ?" ಎಂದಳು ಹೆಂಡತಿ.

ಶಾಸ್ತ್ರ ತಿಳಿಯದವರ ಮಾತಿಗೆ ಕಿವಿಗೊಡಬಾರದೆಂದು ಮೂರನೇ ಸಲವೂ ಹಾಕಿದೆ.

ವಿಜಯದಶಮಿಗೆ ಬೇರೆ ಮುಹೂರ್ತ ನೋಡಬೇಕಿಲ್ಲವೆಂದು ಊರಿಗೆಲ್ಲ ಹೇಳುವವನು ನಾನು. ಆದರೂ ಅವತ್ತು ರಾಹುಕಾಲ ನೋಡಿಯೇ ಹೊರಟೆ. ಲೇಔಟಿನಲ್ಲಿ ನಾಲ್ಕು ಜನ ಹವ್ಯಾಸಿಗಳು ಸೇರಿದ್ದರು. ಅವರಲ್ಲೊಬ್ಬ ಮಾಚೇನಹಳ್ಳಿಯಲ್ಲಿ ಲೇತ್ ಅಂಗಡಿ ಇಟ್ಟವನು, ಸದಾ ನಗುವ ಆಸಾಮಿ. ನಾನು ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ ಕೈಯಂದಾಜಿನಲ್ಲೇ ಬ್ಯಾಟರಿ ಕೂರಿಸಿ ಮುಚ್ಚಳ ಹಾಕಿದೆ. ಮೇಸ್ತ್ರಿ ಎರಡು ಬೆರಳು ಚಾಚಿಕೊಂಡು ಬಂದರು.

"ಒಂದ್ಸಲ ನೋಡ್ಬಿಡ್ತೀನಿ ಸಾರ್."

"ಮೊನ್ನೆ ನೋಡಿದ್ದೇ ಅಲ್ವಾ ಮೇಸ್ತ್ರಿ? ರಾಹುಕಾಲಕ್ಕೆ ಹತ್ತೇ ನಿಮಿಷ ಇದೆ. ಬಿಡಿ."

ಅವರು ಬೆರಳು ಮಡಚಿಕೊಂಡರು.

ವಿಮಾನ ಸುಂದರವಾಗಿ ಓಡಿತು, ಎದ್ದಿತು. ಎದ್ದದ್ದು ಮೂತಿಯನ್ನು ಎತ್ತುತ್ತಲೇ ಹೋಯಿತು. ನಾನು ಕೆಳಕ್ಕೆ ಒತ್ತಿದೆ, ಅದು ಮೇಲಕ್ಕೇ ನೋಡಿತು. ತೆಂಗಿನಮರದೆತ್ತರದಲ್ಲಿ ಒಂದು ಕ್ಷಣ ನೆಟ್ಟಗೆ ನಿಂತು, ಬಾಲದ ಮೇಲೆ ಕುಸಿದು, ಹೊರಳಿ ಚರಂಡಿಯ ಕಲ್ಲಿಗೆ ಬಿತ್ತು. ಏಳು ತಿಂಗಳ ರೆಕ್ಕೆ ಹಪ್ಪಳದಂತೆ ಮುರಿಯಿತು.

ಆಮೇಲೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು.

"ಬಾಲ ಭಾರ! ಬ್ಯಾಲೆನ್ಸ್ ತಪ್ಪಿಸಿದ್ದೀರಿ ಮೇಸ್ತ್ರಿ. ನಿಮ್ಮ ಕಣ್ಣು ಹೋಗಿದೆ. ಕಾಣದಿದ್ದ ಮೇಲೆ ಮರ ಮುಟ್ಟಬಾರದು."

ನಾಲ್ಕೂ ಜನ ಕೇಳಿಸಿಕೊಂಡರು. 'ನೋಡಲು ಬಿಟ್ಟವರ್ಯಾರು?' ಎಂದು ಅವರು ಕೇಳಬಹುದಿತ್ತು. ಚೂರುಗಳನ್ನು ಒಂದೊಂದಾಗಿ ಆಯ್ದು ನಾನು ಬಂದಿದ್ದ ಬಾಡಿಗೆ ಕಾರಿನಲ್ಲಿಟ್ಟು, ಮೊಪೆಡ್ ಹತ್ತಿ ಹೋದರು. ಅವರು ಎದುರು ಮಾತಾಡಲಿಲ್ಲವೆಂಬ ಕೋಪವೂ ನನಗೆ ಬಂತು.

ಮೂರು ವಾರ ಫೋನಿಲ್ಲ. ನಾಲ್ಕನೇ ವಾರ ಒಂದು ಮಧ್ಯಾಹ್ನ, ಮೋಟರು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಬಿಸಾಡೋಣವೆಂದು ಕೂತೆ. ಒಡೆಯದೆ ಉಳಿದದ್ದು ಬಾಲವೊಂದೇ. ಎತ್ತಿದರೆ ಒಳಗೆ ಗಲಗಲ ಸದ್ದು. ತಲೆಕೆಳಗು ಮಾಡಿದೆ. ಜಗಲಿಯ ಮೇಲೆ ಹಳದಿ ಅಕ್ಕಿ ಸುರಿಯಿತು.

ಬ್ಯಾಟರಿಯ ಕೆಳಗೆ ಬಿದ್ದಿದ್ದ ಅಕ್ಷತೆ, ವಿಮಾನ ಮೂತಿ ಎತ್ತಿದೊಡನೆ, ಮೇಸ್ತ್ರಿ ಭಾರ ತಗ್ಗಿಸಲೆಂದು ಕೊರೆದ ಆ ತೂತುಗಳಲ್ಲೇ ಸಾಲಾಗಿ ತೂರಿ ಬಾಲದ ತುದಿ ಸೇರಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಒಂದು ಖಾಲಿ ಡಬ್ಬಿ ತಂದಿಟ್ಟಳು. ಅವಳು ಏನಾದರೂ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಭದ್ರಾವತಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಮೇಸ್ತ್ರಿಯ ಮನೆಯಾಕೆ ಬಾಗಿಲಲ್ಲೇ ಹೇಳಿದರು: "ಉಳಿ, ಗರಗಸ ಎಲ್ಲಾ ಗೋಣಿಯಲ್ ಕಟ್ಟಿಟ್ಟವ್ರೆ ಸಾರ್. ಅಳಿಯಂಗ್ ಕೊಡ್ತಾರಂತೆ. ಕಣ್ಣು ಹೋಯ್ತಂತೆ. ಡಾಕ್ಟ್ರು ಚೆನ್ನಾಗಿದೆ ಅಂದ್ರೂ ಕೇಳಾಕಿಲ್ಲ. ಸಾರೇ ಹೇಳವ್ರೆ ಅಂತಾರೆ."

ಶೆಡ್ಡಿನಲ್ಲಿ ಮೇಸ್ತ್ರಿ ಸುಮ್ಮನೆ ಕೂತಿದ್ದರು. ಬೆಂಚಿನ ಮೇಲೆ ಅಕ್ಷತೆ ಸುರಿದು, ಎಲ್ಲಿ ಸಿಕ್ಕಿತೆಂದು ಹೇಳಿದೆ. ಅವರು ಗೋಣಿ ಬಿಚ್ಚಿ ಪುಟ್ಟ ತಕ್ಕಡಿ ತೆಗೆದು, ಒಂದು ಕಾಳೂ ಬಿಡದೆ ತೂಗಿದರು.

"ಇಪ್ಪತ್ತೆರಡು ಗ್ರಾಂ." ಹಲಗೆಯ ಚೂರಿನ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿದರು. "ಬ್ಯಾಲೆನ್ಸು ಹತ್ತಿರ ಹತ್ತಿರ ಅರ್ಧ ಇಂಚು ಹಿಂದಕ್ಕೆ. ಬೀಳ್ದೆ ಏನ್ಮಾಡುತ್ತೆ?"

"ತಪ್ಪಾಯ್ತು ಮೇಸ್ತ್ರಿ."

"ಮೂರು ವಾರ ಕಾಫಿ ಲೋಟ ಇಡೋವಾಗ್ಲೂ ಕೈಯಲ್ಲಿ ತಡವಿ ಇಟ್ಟಿದ್ದೀನಿ ಸಾರ್." ಅವರ ದನಿ ಏರಿತು. ಅವರ ಕೋಪ ನನ್ನ ಮೇಲೆ ತಿರುಗಿದ್ದು ಅದೇ ಮೊದಲು. "ಇಲ್ಲಿ ತಪ್ಪಾಯ್ತು ಅಂದ್ರೆ ಯಾರಿಗ್ ಕೇಳುತ್ತೆ? ನನ್ ಹೆಂಡ್ತಿಗಾ? ಅವತ್ತು ಎಲ್ಲಿ ಹೇಳಿದ್ರೋ ಅಲ್ಲೇ ಹೇಳಿ. ಯಾರ್ಯಾರಿದ್ರೋ ಅವ್ರ ಮುಂದೇನೇ ಹೇಳಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಉರಿದೆ. ಈ ವಯಸ್ಸಿನಲ್ಲಿ, ಈ ವಿದ್ಯೆಯವನು, ಬಯಲಲ್ಲಿ ನಿಂತು ಪಾಠ ಒಪ್ಪಿಸಬೇಕೇ! ಕಂಡಕ್ಟರನ ಮೇಲೆ, ಕಿಟಕಿಯ ಮೇಲೆ, ನವರಾತ್ರಿಯ ಮೇಲೆ ಹರಿಹಾಯ್ದೆ. ನಿದಿಗೆ ದಾಟುವ ಹೊತ್ತಿಗೆ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ.

ಭಾನುವಾರ ಹೋದೆ. ನಾಲ್ವರೂ ಇದ್ದರು. ಮೇಸ್ತ್ರಿ ದೂರದ ಮೈಲಿಗಲ್ಲಿನ ಮೇಲೆ ಕೂತಿದ್ದರು. ಡಬ್ಬಿ ತೆರೆದು ತೋರಿಸಿ, ಮೊದಲಿನಿಂದ ಕೊನೆಯವರೆಗೆ, ರಾಹುಕಾಲವನ್ನೂ ಬಿಡದೆ ಹೇಳಿದೆ. ಮಾಚೇನಹಳ್ಳಿಯವನು ಹೊಟ್ಟೆ ಹಿಡಿದುಕೊಂಡ. "ಅಕ್ಷತೆ ಬಿದ್ದು ಬಿತ್ತಾ ಸಾರ್! ಮದುವೆ ಆದ ನಮ್ಮಂಗೇ!" ನಾನು ನಗೆಗೆಂದು ಹೇಳಿದ್ದಲ್ಲ.

"ಮೇಸ್ತ್ರಿಯ ಕಣ್ಣು ಸರಿಯಾಗಿದೆ" ಎಂದು ಜೋರಾಗಿ ಕೂಗಿಯೇ ಹೇಳಿದೆ. "ತಪ್ಪು ನನ್ನದು."

ನಗು ನಿಂತಿತು. ಮಾಚೇನಹಳ್ಳಿಯವನು ತನ್ನ ಹೊಸ ವಿಮಾನವನ್ನು ಎತ್ತಿಕೊಂಡು ಮೈಲಿಗಲ್ಲಿನ ಹತ್ತಿರ ಹೋಗಿ, "ಸ್ವಲ್ಪ ನೋಡ್ಕೊಡ್ತೀರಾ ಮೇಸ್ತ್ರಿ?" ಎಂದ.

ಮೇಸ್ತ್ರಿ ಕೂಡಲೇ ಕೈ ಚಾಚಲಿಲ್ಲ. ಒಮ್ಮೆ ನನ್ನ ಕಡೆ ನೋಡಿ, "ಪೂಜೆ ಮಾಡ್ಬೇಡಿ ಅನ್ನಲ್ಲ ಸಾರ್. ಮುಚ್ಚಳ ಹಾಕ್ಕೊಂಡ್ ಮಾಡಿ" ಎಂದರು. ಆಮೇಲೆ ಎದ್ದು, ಅಂಗಿಗೆ ಬೆರಳು ಒರೆಸಿಕೊಂಡು, ರೆಕ್ಕೆಯಡಿ ಎರಡು ಬೆರಳು ಕೊಟ್ಟು ಎತ್ತಿದರು. ಅದು ಅಲ್ಲಾಡಿತು. ಇಳಿಸಿ ಮತ್ತೆ ಎತ್ತಿದರು. ಇನ್ನೊಮ್ಮೆ ಇಳಿಸಿದರು.

ವಾಚು ನೋಡಿಕೊಂಡೆ. ರಾಹುಕಾಲ ಹತ್ತಿರವಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ನಿಂತಿದ್ದೆ.