ಮೋಟಾರಿಗೆ ಹೊಲಿದ ಗವಸು

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಗಾಳಿಯಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾರೇ ಮೋಟಾರು ಹೊತ್ತು ತರಲಿ, "ಇದಕ್ಕೆ ಉಸಿರಾಡೋಕೆ ಜಾಗ ಬಿಟ್ಟಿದ್ರಾ?" ಎಂದು ಮೊದಲು ಬೈಯುತ್ತಿದ್ದಳು; ಕೂರಲು ಸ್ಟೂಲು ಕೊಡುವುದು ಆಮೇಲೆ. ಕಡ್ಡಿಯ ತುದಿಗೆ ನೂಲೊಂದನ್ನು ಕಟ್ಟಿ, ಓಡುವ ಮೋಟಾರಿನ ಸುತ್ತ ಹಿಡಿಯುವುದು ಅವಳ ಪರೀಕ್ಷೆ. ನೂಲು ಹಾರಿದರೆ ಸರಿ. ಜೋತುಬಿದ್ದರೆ ಅಲ್ಲಿ ಗಾಳಿಯಿಲ್ಲ, ಬಿಸಿ ಕೂತಿದೆ ಎಂದರ್ಥ.

ಗಂಡನದು ಲಾಂಡ್ರಿ. ಇಸ್ತ್ರಿ ಮಾಡಿದ ಬಟ್ಟೆಯನ್ನು ಗಾಡಿಯಲ್ಲಿಟ್ಟು ದಿಬ್ಬದ ಮನೆಗಳಿಗೆ ಕೊಟ್ಟು ಬರುವುದೆಂದರೆ ಆತನಿಗೆ ಪ್ರಾಣ. ಪ್ರತಿ ಬಾಗಿಲಲ್ಲೂ ಹರಟೆ. ಈಗ ಮೊಣಕಾಲು ಕೈಕೊಟ್ಟಿತ್ತು. ಗಾಡಿ ತಳ್ಳಿದ್ದು ಸಾಕು, ಅಂಗಡಿಯಲ್ಲಿ ಕೂರಿ ಎಂದಿದ್ದರು ಡಾಕ್ಟರು. ಆತನ ಬಾಡಿದ ಮುಖ ನೋಡಲಾರದೆ ಅವಳು ಗಾಡಿಗೊಂದು ಸೀಟು ಹಾಕಿ, ಚೊಂಬಿನಷ್ಟೇ ಇದ್ದರೂ ಭಾರಿ ಶಕ್ತಿಯ ಮೋಟಾರನ್ನು ಕೂರಿಸಿದಳು.

ಅದೋ, ಅರ್ಧ ದಿಬ್ಬ ಏರುವಷ್ಟರಲ್ಲಿ ಕೆಂಡವಾಗಿ ನಿಂತುಬಿಡುತ್ತಿತ್ತು. ಅವಳ ಅಂಗಡಿಯಲ್ಲಿ ಭಾರ ಹಾಕಿ ಓಡಿಸಿದರೆ ಮಾತ್ರ ಏನೂ ಆಗದು! ಫ್ಯಾನ್ ಬದಲಿಸಿದಳು, ಅದರ ಎಲೆಗಳನ್ನು ಬಗ್ಗಿಸಿ ನೋಡಿದಳು, ತಲೆ ಕೆಟ್ಟು ಕೆರ ಹಿಡಿಯಿತು. "ಬಿಡೇ, ನಂಗೆ ಅಂಗಡೀನೇ ಗತಿ" ಎಂದು ಗಂಡ ನಕ್ಕ. ಆ ನಗು ಅವಳಿಗೆ ಚುಚ್ಚಿತು.

ಒಂದು ಬೆಳಿಗ್ಗೆ ಹಗ್ಗದ ಮೇಲೆ ಒಣಗುತ್ತಿದ್ದ ಸಣ್ಣ ಗವಸೊಂದು ಕಣ್ಣಿಗೆ ಬಿತ್ತು. ದಪ್ಪ ಬಿಳಿ ಬಟ್ಟೆ, ಅಚ್ಚುಕಟ್ಟಾದ ಹೊಲಿಗೆ, ಒಳಗೆಲ್ಲ ಸೀದ ಕಲೆ.

"ರೀ, ಇದೇನ್ರೀ?"

"ಮೋಟಾರಿಂದು. ಅದರ ಧೂಳು ಬಿಳಿ ಬೆಡ್‌ಶೀಟ್ ಮೇಲೆ ಹಾರಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಪೂರ್ತಿ ಮುಚ್ಚಿರ್ತೀನಿ."

"ನಾನು ನೋಡೇ ಇಲ್ವಲ್ಲ!"

"ನಿನ್ನ ಹತ್ರ ತರೋವಾಗ ಬಿಚ್ಚಿ ಒಗೆಯೋಕೆ ಹಾಕ್ತೀನಿ. ಕೊಳಕು ಬಟ್ಟೇಲಿ ನಿನ್ನ ಮುಂದೆ ತರೋಕಾಗುತ್ತಾ?"

ಊರಿಗೆಲ್ಲ ಗಾಳಿಯ ಪಾಠ ಹೇಳುವವಳ ಮನೆಯಲ್ಲೇ ಮೋಟಾರಿಗೆ ಕಂಬಳಿ! ಬೈಯಲು ಬಾಯಿ ತೆರೆದವಳಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತಳು. ಆತ ಪೆಚ್ಚಾಗಿ ನಿಂತ.

ಆದರೂ ಗವಸನ್ನು ಅವಳು ಎಸೆಯಲಿಲ್ಲ. ಅದೇ ಅಳತೆಗೆ ತಗಡು ಕತ್ತರಿಸಿ, ಎರಡೂ ತುದಿ ತೆರೆದ ಅಂಗಿ ಮಾಡಿ ಮೋಟಾರಿಗೆ ತೊಡಿಸಿದಳು. ಫ್ಯಾನಿನ ಗಾಳಿ ಈಗ ಎತ್ತೆತ್ತಲೋ ಚದುರದೆ, ಮೋಟಾರಿನ ಮೈಗೆ ಒತ್ತಿಕೊಂಡೇ ಹರಿದು ಇನ್ನೊಂದು ತುದಿಯಿಂದ ಹೊರಬಿತ್ತು. ಬರಿಮೈಯಲ್ಲಿ ಓಡಿದಾಗಿನದಕ್ಕಿಂತ ಈಗಲೇ ಅದು ತಣ್ಣಗಿತ್ತು. ಹೊರಬಿದ್ದ ಬಿಸಿಗಾಳಿ ದಂಡವಾಗುವುದೇಕೆ ಎಂದು ಅದನ್ನು ಗಾಡಿಯ ಬಟ್ಟೆಪೆಟ್ಟಿಗೆಯ ತಗಡು ತಳದ ಕೆಳಗೆ ಹಾಯಿಸಿದಳು.

ಮೊದಲ ದಿನ ನೂಲಿನ ಕಡ್ಡಿ ಹಿಡಿದು ತಾನೂ ಪಕ್ಕದಲ್ಲೇ ನಡೆದಳು. ಅರ್ಧ ದಿಬ್ಬ ಬಂತು. ಗಂಡ ಸೀಟಿನಿಂದ ಬಗ್ಗಿ ಬಗ್ಗಿ ಮೋಟಾರನ್ನೇ ನೋಡುತ್ತಿದ್ದ. ನೂಲು ಪಟಪಟ ಹಾರುತ್ತಲೇ ಇತ್ತು. ಗಾಡಿ ಮುಂದೆ ಹೋಗುತ್ತಲೇ ಇತ್ತು. ಅವಳ ಕಣ್ಣು ಒದ್ದೆಯಾಯಿತು.

ತುದಿಯ ಮನೆಯ ಅಜ್ಜಿ ಟವೆಲನ್ನು ಕೆನ್ನೆಗೆ ಒತ್ತಿಕೊಂಡರು. "ಅಯ್ಯೋ, ಈಗಷ್ಟೇ ಇಸ್ತ್ರಿ ಮಾಡಿದ ಹಾಗಿದೆಯಲ್ಲಪ್ಪಾ!"

"ಗವಸಿನ ಐಡಿಯಾ ನಂದೇ ಅಜ್ಜಿ" ಎಂದು ಗಂಡ ಎದೆಯುಬ್ಬಿಸಿದ.

ಗಾಳಿಯಕ್ಕ ಅದೇ ಕಡ್ಡಿಯಿಂದ ಆತನ ಬೆನ್ನಿಗೊಂದು ಬಿಡಲು ತಿರುಗಿದಳು. ಆತ ಆಗಲೇ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದ.